ಮಣ್ಣಿನ ಲೋಹ ಹೋಗಬೇಕಾ, ಇರಬೇಕಾ?

‘ಲೋಹ ತಿನ್ನುವ ಬ್ಯಾಕ್ಟೀರಿಯಾ’ ಅನ್ನುವ ತಲೆಬರಹವನ್ನು ನೀವೆಲ್ಲ ಒಂದಲ್ಲ ಒಂದು ಸಲ ಓದಿರುತ್ತೀರಿ. ಓದಿದ ಕೂಡಲೇ ಏನನ್ನಿಸುತ್ತದೆ? ಸೀಸ ಬಿದ್ದ ಮಣ್ಣಿಗೆ ಬ್ಯಾಕ್ಟೀರಿಯಾ ಸುರಿದರೆ ಆಯಿತು, ಅವು ತಿಂದು ಮುಗಿಸುತ್ತವೆ ಅಂತ. ನನಗೆ ಆ ತಲೆಬರಹದ ಮೇಲೆ ಸ್ವಲ್ಪ ಸಿಟ್ಟಿದೆ. ಅದರ ಲೆಕ್ಕ ಮೊದಲು ಚುಕ್ತಾ ಮಾಡಿ ಮುಂದೆ ಹೋಗೋಣ.

ಡೀಸೆಲ್ ಚೆಲ್ಲಿದ ಮಣ್ಣಿನ ಕಥೆ ಬೇರೆ. ಡೀಸೆಲ್ ಅಂದರೆ ಇಂಗಾಲ ಮತ್ತು ಜಲಜನಕದ ಸರಪಳಿ. ಬ್ಯಾಕ್ಟೀರಿಯಾ ಅದನ್ನು ತುಂಡು ಮಾಡಿ, ಅದರಿಂದ ಶಕ್ತಿ ಪಡೆದು, ಕೊನೆಗೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಮಾಡಿ ಬಿಡುತ್ತದೆ. ನಿಜಕ್ಕೂ ತಿನ್ನುತ್ತದೆ. ಸೀಸ ಹಾಗಲ್ಲ. ಅದು ಮೂಲವಸ್ತು. ಯಾವ ಜೀವಿಯ ಕೈಯಲ್ಲೂ ಅದನ್ನು ಒಡೆಯಲು ಆಗುವುದಿಲ್ಲ. ಒಂದು ಜಾಗದ ಮಣ್ಣಿನಲ್ಲಿ ಇವತ್ತು ಒಂದು ಕೆಜಿ ಸೀಸ ಇದ್ದರೆ, ಬ್ಯಾಕ್ಟೀರಿಯಾ ನೂರು ವರ್ಷ ದುಡಿದರೂ ಲೋಕದಲ್ಲಿ ಆ ಒಂದು ಕೆಜಿ ಸೀಸ ಇದ್ದೇ ಇರುತ್ತದೆ. ಅದು ಎಲ್ಲಿದೆ, ಯಾವ ರೂಪದಲ್ಲಿದೆ ಅನ್ನೋದಷ್ಟೇ ಬದಲಾಗಬಹುದು.

ಹಾಗಾಗಿ ಬ್ಯಾಕ್ಟೀರಿಯಾ ಮಾಡಬಹುದಾದ್ದು ಮುಖ್ಯವಾಗಿ ಎರಡು ಕೆಲಸ. ಮಣ್ಣಿಗೆ ಅಂಟಿಕೊಂಡ ಲೋಹವನ್ನು ಬಿಡಿಸಿ ನೀರಿಗೆ ತರುವುದು. ಇಲ್ಲವೇ ನೀರಿನಲ್ಲಿರುವ ಲೋಹವನ್ನು ಹಿಡಿದು ಅಲ್ಲೇ ಕಟ್ಟಿಹಾಕುವುದು. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಇಲ್ಲ. ನಿಮಗೆ ಲೋಹ ಅಲ್ಲಿಂದ ಹೋಗಬೇಕಾ, ಅಲ್ಲೇ ಇರಬೇಕಾ ಅನ್ನೋದನ್ನು ಮೊದಲು ನೀವು ಹೇಳಬೇಕು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತವೇ.

ಮೊದಲು ಮಣ್ಣಿನಲ್ಲಿ ಲೋಹ ಎಲ್ಲಿ ಕೂತಿರುತ್ತದೆ ನೋಡೋಣ. ಪ್ರಯೋಗಾಲಯದ ವರದಿಯಲ್ಲಿ ‘ಸೀಸ, ಕೆಜಿಗೆ 400 ಮಿಲಿಗ್ರಾಂ’ ಅಂತ ಬರೆದಿರುತ್ತದೆ ಅನ್ನಿ. ಅದು ಒಟ್ಟು ಲೆಕ್ಕ. ಮಣ್ಣನ್ನು ಗಡುಸಾದ ಆಮ್ಲದಲ್ಲಿ ಕುದಿಸಿ ತೆಗೆದ ಲೆಕ್ಕ. ಮಳೆನೀರು ಆ ಮಣ್ಣಿನ ಮೂಲಕ ಇಳಿದಾಗ ಎಷ್ಟು ಸೀಸ ಜೊತೆಗೆ ಹೋಗುತ್ತದೆ, ಬೇರು ಎಷ್ಟು ಹೀರುತ್ತದೆ ಅನ್ನೋದು ಅದರಿಂದ ಗೊತ್ತಾಗುವುದಿಲ್ಲ. 1979ರಲ್ಲಿ ಟೆಸಿಯರ್ ಮತ್ತು ಸಂಗಡಿಗರು ಇದನ್ನು ಬಿಡಿಸಿ ನೋಡುವ ಒಂದು ಕ್ರಮ ಹೇಳಿಕೊಟ್ಟರು. ಒಂದೇ ಮಣ್ಣನ್ನು ಒಂದಾದ ಮೇಲೊಂದರಂತೆ ಹೆಚ್ಚು ಹೆಚ್ಚು ಕಟುವಾದ ದ್ರಾವಣಗಳಲ್ಲಿ ತೊಳೆಯುತ್ತಾ ಹೋಗುವುದು. ಮೊದಲ ತೊಳೆತಕ್ಕೆ ಬರುವುದು ಜೇಡಿಯ ಮೇಲೆ ಸುಮ್ನೆ ಕೂತ ಲೋಹ. ಆಮೇಲೆ ಸುಣ್ಣದಲ್ಲಿ ಸೇರಿಕೊಂಡದ್ದು, ಕಬ್ಬಿಣ ಮ್ಯಾಂಗನೀಸ್‌ಗಳ ತುಕ್ಕಿನಲ್ಲಿ ಸಿಕ್ಕಿಕೊಂಡದ್ದು, ಕೊಳೆತ ಎಲೆ ಬೇರಿನ ಅಂಶಕ್ಕೆ ಅಂಟಿದ್ದು. ಕೊನೆಗೆ ಕಲ್ಲಿನ ಹರಳಿನೊಳಗೇ ಇರುವುದು. ಅದು ಸಾವಿರ ವರ್ಷವಾದರೂ ಅಲ್ಲಾಡುವ ಪೈಕಿ ಅಲ್ಲ.

ಎರಡು ಜಾಗದ ಮಣ್ಣಿನಲ್ಲಿ ಒಟ್ಟು ಸೀಸ ಒಂದೇ ಇರಬಹುದು. ಒಂದರಲ್ಲಿ ಅದೆಲ್ಲ ಹರಳಿನೊಳಗೆ, ಇನ್ನೊಂದರಲ್ಲಿ ಜೇಡಿಯ ಮೇಲೆ. ಅಪಾಯ ಒಂದೇ ಅಲ್ಲ, ಅಲ್ವಾ? ಬ್ಯಾಕ್ಟೀರಿಯಾ ಬಿಡುವ ವಸ್ತುಗಳು ಮಾಡುವುದೂ ಇದನ್ನೇ. ಲೋಹವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುತ್ತವೆ.

ಇನ್ನು ಆ ವಸ್ತುಗಳಿಗೆ ಬರೋಣ. ನನಗೆ ಇಷ್ಟವಾದ ಸಿಡರೊಫೋರ್‌ನಿಂದ ಶುರು ಮಾಡುತ್ತೇನೆ.

ಭೂಮಿಯ ಹೊರಪದರದ ತೂಕದಲ್ಲಿ ಸುಮಾರು 5 ಶೇಕಡಾ ಕಬ್ಬಿಣ. ಮಣ್ಣು ಕೆಂಪಗಿರುವುದೇ ಅದರಿಂದ. ಆದರೂ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಕಬ್ಬಿಣದ ಬರ. ಯಾಕೆಂದರೆ ಗಾಳಿ ಸಿಗುವ ಕಡೆ ಕಬ್ಬಿಣವೆಲ್ಲ ತುಕ್ಕಾಗಿ ಕೂತಿರುತ್ತದೆ. ಪಿಎಚ್ 7ರ ಆಸುಪಾಸಿನಲ್ಲಿ ನೀರಿನಲ್ಲಿ ಬಿಡಿಯಾಗಿ ಓಡಾಡುವ ಕಬ್ಬಿಣ, ಬ್ಯಾಕ್ಟೀರಿಯಾಕ್ಕೆ ಬೇಕಾದ್ದಕ್ಕಿಂತ ಸಾವಿರಾರು ಕೋಟಿ ಪಟ್ಟು ಕಡಿಮೆ. ಆಗ ಬ್ಯಾಕ್ಟೀರಿಯಾ ಏನು ಮಾಡುತ್ತದೆ? ಒಂದು ಸಣ್ಣ ಅಣುವನ್ನು ಕಟ್ಟಿ ಹೊರಗೆ ಕಳಿಸುತ್ತದೆ. ಅದೇ ಸಿಡರೊಫೋರ್. ಆ ಅಣು ತುಕ್ಕಿನಿಂದ ಕಬ್ಬಿಣವನ್ನು ಕಿತ್ತುಕೊಂಡು ಬರುತ್ತದೆ. ಸಾಮಾನ್ಯವಾಗಿ ಆರು ಕಡೆಯಿಂದ ಹಿಡಿತ; ಮುಷ್ಟಿಯೊಳಗೆ ಗೋಲಿ ಹಿಡಿದ ಹಾಗೆ. ಬ್ಯಾಕ್ಟೀರಿಯಾದ ಮೈಮೇಲೆ ಅದಕ್ಕೆಂದೇ ಬಾಗಿಲು ಇರುತ್ತದೆ. ಕಬ್ಬಿಣ ಹಿಡಿದ ಅಣು ಅಲ್ಲಿಂದ ಒಳಗೆ ಹೋಗುತ್ತದೆ.

ಈ ಹಿಡಿತ ಎಷ್ಟು ಬಿಗಿ? ಕರುಳಿನಲ್ಲಿರುವ ಇ. ಕೋಲಿ ಕೂಡ ಇಂಥದ್ದೊಂದನ್ನು ಮಾಡುತ್ತದೆ, ಎಂಟರೊಬ್ಯಾಕ್ಟಿನ್ ಅಂತ. 1970ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಗುರುತಿಸಿದವು. ಕಬ್ಬಿಣದ ಜೊತೆ ಅದರ ಬಂಧದ ಬಲವನ್ನು ರಸಾಯನಶಾಸ್ತ್ರದ ಲೆಕ್ಕದಲ್ಲಿ ಬರೆದರೆ 1ರ ಮುಂದೆ 49 ಸೊನ್ನೆ. ಕೈಗಾರಿಕೆಯಲ್ಲಿ ಲೋಹ ಹಿಡಿಯಲು ಬಳಸುವ ಇಡಿಟಿಎಗೆ ಕಬ್ಬಿಣದ ಜೊತೆ ಸುಮಾರು 25 ಸೊನ್ನೆ. ಮನುಷ್ಯ ಮಾಡಿದ್ದಕ್ಕೂ ಬ್ಯಾಕ್ಟೀರಿಯಾ ಮಾಡಿದ್ದಕ್ಕೂ ಇರುವ ಅಂತರ ನೋಡಿ.

ಈ ತಟ್ಟೆ ನೋಡಿ. ನೀಲಿ ಬಣ್ಣದ ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ಇದೆ, ನಡುವೆ ಬಿಳಿ ಚುಕ್ಕೆ. ಚುಕ್ಕೆ ಅಂದರೆ ಬ್ಯಾಕ್ಟೀರಿಯಾದ ಗುಂಪು. ಅದರ ಸುತ್ತ ಕಿತ್ತಳೆ ಬಣ್ಣದ ಉಂಗುರ ಕಾಣುತ್ತದೆ ಅಲ್ವಾ? 1987ರಲ್ಲಿ ಶ್ವಿನ್ ಮತ್ತು ನೀಲ್ಯಾಂಡ್ಸ್ ಮಾಡಿಕೊಟ್ಟ ಪರೀಕ್ಷೆ ಇದು. ಅಗರ್‌ನಲ್ಲಿರುವ ಬಣ್ಣ ಕಬ್ಬಿಣ ಹಿಡಿದುಕೊಂಡಿರುವಷ್ಟು ಹೊತ್ತು ನೀಲಿ. ಸಿಡರೊಫೋರ್ ಬಂದು ಕಬ್ಬಿಣವನ್ನು ಕಸಿದರೆ ಕಿತ್ತಳೆ. ಉಂಗುರ ಚುಕ್ಕೆಗಿಂತ ಎಷ್ಟು ಅಗಲ ಇದೆ ಗಮನಿಸಿ. ಬ್ಯಾಕ್ಟೀರಿಯಾ ಇದ್ದಲ್ಲೇ ಇದೆ, ಅದರ ಅಣು ಮಾತ್ರ ದೂರ ಹೋಗಿ ಕೆಲಸ ಮಾಡಿದೆ. ಮಣ್ಣಿನಲ್ಲೂ ಹೀಗೇ. ಬ್ಯಾಕ್ಟೀರಿಯಾ ಹೋಗಲಾಗದ ಸಣ್ಣ ಸಂದಿಗೂ ಈ ಅಣು ಹೋಗುತ್ತದೆ.

ಇನ್ನೊಂದು ತಟ್ಟೆಯಲ್ಲಿ ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಇದೆ. ನೇರಳಾತೀತ ದೀಪದ ಕೆಳಗೆ ಹಿಡಿದರೆ ಹಳದಿ ಹಸಿರಾಗಿ ಹೊಳೆಯುತ್ತದೆ. ಅದು ಪಯೊವರ್ಡಿನ್ ಅನ್ನುವ ಸಿಡರೊಫೋರ್. ಒಂದು ಹನಿ ಕಬ್ಬಿಣದ ದ್ರಾವಣ ಹಾಕಿದರೆ ಅಷ್ಟು ಜಾಗದ ಹೊಳಪು ಆರಿಹೋಗುತ್ತದೆ. ಲೋಹ ಹಿಡಿದದ್ದು ಕಣ್ಣಿಗೇ ಕಾಣುತ್ತದೆ.

ಸರಿ, ಇದು ಕಬ್ಬಿಣದ ಕಥೆಯಾಯಿತು. ಸೀಸ, ಕ್ಯಾಡ್ಮಿಯಂಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಸಿಡರೊಫೋರ್ ಕಬ್ಬಿಣಕ್ಕೆಂದೇ ಹುಟ್ಟಿದ್ದರೂ ಬೇರೆ ಲೋಹ ಸಿಕ್ಕರೆ ಅದನ್ನೂ ಹಿಡಿಯುತ್ತದೆ. ಹಿಡಿತ ಅಷ್ಟು ಬಿಗಿ ಇರುವುದಿಲ್ಲ. ಡೆಸ್‌ಫೆರಿಯಾಕ್ಸಮಿನ್ ಬಿ ಅಂತ ಒಂದು ಸಿಡರೊಫೋರ್ ಇದೆ, ಸ್ಟ್ರೆಪ್ಟೊಮೈಸಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾ ಮಾಡುವಂಥದ್ದು. ಕಬ್ಬಿಣದ ಜೊತೆ ಅದಕ್ಕೆ 30 ಸೊನ್ನೆಯ ಬಲ, ಸತುವಿನ ಜೊತೆ ಸುಮಾರು 10 ಸೊನ್ನೆಯದ್ದು. ಕಬ್ಬಿಣದ ಮುಂದೆ ಸತು ಗೆಲ್ಲಲು ಸಾಧ್ಯವೇ ಇಲ್ಲ ಅನ್ನಿಸುತ್ತದೆ. ಆದರೆ ಕಲುಷಿತ ಮಣ್ಣಿನಲ್ಲಿ ಕಬ್ಬಿಣ ತುಕ್ಕಿನೊಳಗೆ ಭದ್ರವಾಗಿದೆ, ಕಿತ್ತುಕೊಳ್ಳಲು ಹೊತ್ತು ಬೇಕು. ಸತು, ತಾಮ್ರ, ಸೀಸ ಜೇಡಿಯ ಮೇಲೆ ಸಡಿಲವಾಗಿ ಜಾಸ್ತಿ ಪ್ರಮಾಣದಲ್ಲಿ ಸಿಗುತ್ತವೆ. ಮೊದಲು ಕೈಗೆ ಸಿಕ್ಕಿದ್ದನ್ನು ಅಣು ಹಿಡಿಯುತ್ತದೆ.

ಸಣ್ಣದೊಂದು ಅಡ್ಡಮಾತು. ಈ ಡೆಸ್‌ಫೆರಿಯಾಕ್ಸಮಿನ್ ಔಷಧಿಯೂ ಹೌದು. ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವವರಿಗೆ ಮೇಲಿಂದ ಮೇಲೆ ರಕ್ತ ಕೊಡಬೇಕಾಗುತ್ತದೆ. ಆಗ ಮೈಯಲ್ಲಿ ಕಬ್ಬಿಣ ಸೇರಿ ಸೇರಿ ಹೃದಯ, ಪಿತ್ತಕೋಶದ ನೆರೆಯ ಯಕೃತ್ತು ಎಲ್ಲ ಕೆಡುತ್ತದೆ. ಆ ಕಬ್ಬಿಣವನ್ನು ಹಿಡಿದು ಹೊರಗೆ ಹಾಕಲು ದಶಕಗಳಿಂದ ಬಳಸುತ್ತಿರುವುದು ಮಣ್ಣಿನ ಬ್ಯಾಕ್ಟೀರಿಯಾದ ಇದೇ ಅಣು. ನಾವು ಮಣ್ಣಿನಲ್ಲಿ ಮಾಡಬೇಕೆಂದಿರುವುದನ್ನು ವೈದ್ಯರು ಮನುಷ್ಯರ ಮೈಯಲ್ಲಿ ಆಗಲೇ ಮಾಡುತ್ತಿದ್ದಾರೆ. ಅವರಿಗೆ ಒಂದು ಅನುಕೂಲ ಇದೆ. ಮೈಯೊಳಗೆ ಜೇಡಿಮಣ್ಣು ಇಲ್ಲ.

ಜೇಡಿಮಣ್ಣು ಯಾಕೆ ಮುಖ್ಯ? ಈಗ ಸ್ವಲ್ಪ ಗಮನ ಕೊಟ್ಟು ಕೇಳಿ, ಇಡೀ ವಿಷಯದ ಗಂಟು ಇಲ್ಲಿದೆ. ಸಿಡರೊಫೋರ್ ಲೋಹ ಹಿಡಿಯಿತು ಅಂದ ಮಾತ್ರಕ್ಕೆ ಲೋಹ ಹರಿದು ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಜೇಡಿಯ ಕಣದ ಮೇಲ್ಮೈಗೆ ಋಣ ಚಾರ್ಜ್ ಇರುತ್ತದೆ. ಡೆಸ್‌ಫೆರಿಯಾಕ್ಸಮಿನ್ ಬಿಗೆ ಒಂದು ತುದಿಯಲ್ಲಿ ಧನ ಚಾರ್ಜ್ ಇದೆ. ಅದು ಲೋಹವನ್ನು ಹಿಡಿದುಕೊಂಡೇ ಹೋಗಿ ಜೇಡಿಗೆ ಅಂಟಿಕೊಳ್ಳಬಹುದು. ಮಾಂಟ್‌ಮೊರಿಲೊನೈಟ್‌ನಂಥ ಹಿಗ್ಗುವ ಜೇಡಿಯಾದರೆ ಪದರಗಳ ಸಂದಿಗೇ ಹೋಗಿ ಕೂರುತ್ತದೆ. ಲೋಹ ಬಿಡಿಸಲೆಂದು ಹಾಕಿದ ಅಣುವೇ ಲೋಹವನ್ನು ಇನ್ನಷ್ಟು ಭದ್ರ ಮಾಡಿತು! ಕೇಯೋಲಿನೈಟ್ ಜೇಡಿಯಲ್ಲಿ ಅಷ್ಟು ಜಾಗ ಇಲ್ಲ, ಅಲ್ಲಿ ಕಥೆ ಬೇರೆ ಆಗುತ್ತದೆ.

ಈಗ ಇದರ ಪಕ್ಕದಲ್ಲಿ ರಾಮ್ನೊಲಿಪಿಡ್ ಇಡೋಣ. ಇದು ಸೂಡೊಮೊನಾಸ್ ಎರುಜಿನೋಸಾ ಮಾಡುವ, ಸೋಪಿನ ಜಾತಿಯ ವಸ್ತು. 1949ರಿಂದ ಗೊತ್ತಿರುವಂಥದ್ದು. ಒಂದು ತುದಿ ಸಕ್ಕರೆ, ಅದಕ್ಕೆ ನೀರು ಇಷ್ಟ. ಇನ್ನೊಂದು ತುದಿ ಕೊಬ್ಬು. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್ ಇದ್ದದ್ದು ಇದನ್ನು ಸ್ವಲ್ಪ ಬೆರೆಸಿದರೆ 30ರ ಹತ್ತಿರಕ್ಕೆ ಇಳಿಯುತ್ತದೆ. ಲೋಹ ಹಿಡಿಯುವುದು ಅದರ ಆಮ್ಲದ ಭಾಗ. ಪಿಎಚ್ 6ರ ಮೇಲೆ ಅದಕ್ಕೆ ಋಣ ಚಾರ್ಜ್ ಬರುತ್ತದೆ. ಋಣ ಋಣ ದೂಡಿಕೊಳ್ಳುತ್ತವೆ. ಹಾಗಾಗಿ ಜೇಡಿಯ ಕಣದಿಂದ ದೂರ ಸರಿದು ನೀರಿನ ಜೊತೆ ಹೋಗುವ ಒಲವು ಇದಕ್ಕೆ ಜಾಸ್ತಿ. ಅದೇ ಮಣ್ಣು, ಅದೇ ಕ್ಯಾಡ್ಮಿಯಂ. ಒಂದು ಅಣು ಕಟ್ಟಿಹಾಕಿತು, ಇನ್ನೊಂದು ಬಿಡಿಸಿ ಕಳಿಸಿತು.

ಆದರೆ ಇಲ್ಲೂ ಒಂದು ಕೊಕ್ಕೆ. ಕಬ್ಬಿಣದ ತುಕ್ಕಿಗೆ ಮಣ್ಣಿನ ಸಾಮಾನ್ಯ ಪಿಎಚ್‌ನಲ್ಲಿ ಧನ ಚಾರ್ಜ್ ಇರುತ್ತದೆ. ಮಣ್ಣು ಕೆಂಪಾದಷ್ಟೂ, ತುಕ್ಕು ಜಾಸ್ತಿ ಆದಷ್ಟೂ, ರಾಮ್ನೊಲಿಪಿಡ್ ಅದಕ್ಕೆ ಅಂಟಿ ಕೂರುತ್ತದೆ. ಇನ್ನೊಂದು, ಮಣ್ಣಿನಲ್ಲಿ ಕ್ಯಾಲ್ಸಿಯಂ ತುಂಬಾ ಇರುತ್ತದೆ. ರಾಮ್ನೊಲಿಪಿಡ್ ಸೀಸವನ್ನು ಕ್ಯಾಲ್ಸಿಯಂಗಿಂತ ಹತ್ತು ಸಾವಿರ ಪಟ್ಟಿಗೂ ಬಿಗಿಯಾಗಿ ಹಿಡಿಯುತ್ತದೆ, ನಿಜ. ಆದರೆ ಸೀಸದ ಒಂದೊಂದು ಕಣಕ್ಕೂ ಕ್ಯಾಲ್ಸಿಯಂ ರಾಶಿ ರಾಶಿ ಎದುರಿಗಿದ್ದರೆ? ಅಣುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಹಿಡಿದೇ ಖಾಲಿ. ಸುಣ್ಣದ ಮಣ್ಣಿನಲ್ಲಿ ತೊಳೆಯುವ ಕೆಲಸ ಇದರಿಂದಲೇ ಸೊರಗುತ್ತದೆ. ಶುದ್ಧ ನೀರು ಮತ್ತು ಲೋಹ ಎರಡೇ ಇರುವ ಸೀಸೆಯಲ್ಲಿ ಬಂದ ಫಲಿತಾಂಶ ತೋರಿಸಿ ‘ನಮ್ಮ ಬ್ಯಾಕ್ಟೀರಿಯಾ ಇಷ್ಟು ಶೇಕಡಾ ಸೀಸ ತೆಗೆಯುತ್ತದೆ’ ಅನ್ನುವವರನ್ನು ನಾನು ನಂಬುವುದಿಲ್ಲ. ಮಣ್ಣು ಹಾಕಿ ಮಾಡಿದಿರಾ ಅಂತ ಕೇಳಿ.

ಆಮ್ಲಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಷ್ಟೋ ಬ್ಯಾಕ್ಟೀರಿಯಾ ಗ್ಲೂಕೋಸ್‌ನಿಂದ ಗ್ಲುಕೋನಿಕ್ ಆಮ್ಲ ಮಾಡಿ ಹೊರಗೆ ಬಿಡುತ್ತವೆ. ಅದು ಪಿಎಚ್ ಇಳಿಸುತ್ತದೆ, ಲೋಹವನ್ನು ಸ್ವಲ್ಪ ಹಿಡಿಯುತ್ತದೆ ಕೂಡ. ಸತುವಿನ ಆಕ್ಸೈಡ್, ಕಾರ್ಬೊನೇಟ್ ಕರಗಿಬಿಡುತ್ತವೆ. ಆದರೆ ಇಲ್ಲಿ ಒಂದು ತಮಾಷೆ ಇದೆ, ಅದನ್ನು ಹೇಳಲೇಬೇಕು. ಸೀಸ ಬಿದ್ದ ಮಣ್ಣಿಗೆ ಫಾಸ್ಫೇಟ್ ಹಾಕುವುದು ಹಳೆಯ ಉಪಾಯ. ಸೀಸ ಮತ್ತು ಫಾಸ್ಫೇಟ್ ಸೇರಿ ಪೈರೊಮಾರ್ಫೈಟ್ ಅನ್ನುವ ಖನಿಜ ಆಗುತ್ತದೆ, ಅದು ನೀರಿಗೆ ಕರಗುವುದೇ ಇಲ್ಲ ಅನ್ನಬೇಕು. ಬೀಗ ಹಾಕಿದ ಹಾಗಾಯಿತು. ಆಮೇಲೆ ಅದೇ ಜಾಗದಲ್ಲಿ ಗಿಡ ಬೆಳೆಸಲು ಯಾರೋ ಬಂದು ‘ಫಾಸ್ಫೇಟ್ ಕರಗಿಸುವ ಬ್ಯಾಕ್ಟೀರಿಯಾ’ದ ಜೈವಿಕ ಗೊಬ್ಬರ ಹಾಕುತ್ತಾರೆ. ಅದರ ಕೆಲಸವೇ ಆಮ್ಲ ಬಿಟ್ಟು ಫಾಸ್ಫೇಟ್ ಬಿಡಿಸುವುದು! ಆಸ್ಪರ್ಜಿಲಸ್ ನೈಜರ್ ಅನ್ನುವ ಶಿಲೀಂಧ್ರ ಪೈರೊಮಾರ್ಫೈಟ್ ಕರಗಿಸಿ ಅದರಿಂದ ಸೀಸದ ಆಕ್ಸಲೇಟ್ ಮಾಡುತ್ತದೆ ಅಂತ 1999ರಲ್ಲೇ ತೋರಿಸಿದ್ದಾರೆ. ಒಬ್ಬರು ಬೀಗ ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಬೇಕು.

ಈಗ ಕಟ್ಟಿಹಾಕುವ ಕಡೆಗೆ ತಿರುಗೋಣ. ಬ್ಯಾಕ್ಟೀರಿಯಾ ತನ್ನ ಸುತ್ತ ಲೋಳೆ ಬಿಡುತ್ತದೆ. ಸಕ್ಕರೆ, ಪ್ರೋಟೀನ್, ಸತ್ತ ಜೀವಕೋಶದ ಡಿಎನ್ಎ ಎಲ್ಲ ಸೇರಿದ ಲೋಳೆ. ಕಣ್ಣಿಗೆ ಕಾಣದಿದ್ದರೂ ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸುವುದರಲ್ಲಿ ಅದರ ಪಾಲು ದೊಡ್ಡದು. ಅದರ ತುಂಬ ಋಣ ಚಾರ್ಜಿನ ಗುಂಪುಗಳು. ಸೀಸ, ತಾಮ್ರ ಬಂದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಸತ್ತರೂ ಲೋಳೆ ಹಿಡಿದದ್ದನ್ನು ಕೂಡಲೇ ಬಿಡುವುದಿಲ್ಲ. ಆದರೆ ಜೋರು ಮಳೆಗೆ ಆ ಲೋಳೆಯೇ ಚೂರುಚೂರಾಗಿ ನೀರಿನಲ್ಲಿ ತೇಲಿಕೊಂಡು ಹೋದರೆ? ಆಗ ಸೀಸಕ್ಕೆ ಪುಕ್ಕಟೆ ಸವಾರಿ. ಕರಗಿದ ಲೋಹವನ್ನಷ್ಟೇ ಅಳೆಯುವ ಪರೀಕ್ಷೆಯಲ್ಲಿ ನೀರನ್ನು ಮೊದಲು ಸೋಸುತ್ತಾರೆ. ತೇಲುವ ಚೂರುಗಳ ಜೊತೆ ಸೀಸವೂ ಸೋಸುಗದಲ್ಲೇ ಉಳಿದುಬಿಡುತ್ತದೆ, ವರದಿಯಲ್ಲಿ ಬರುವುದೇ ಇಲ್ಲ.

ಚಿನ್ನದ ಕಥೆ ಹೇಳದೆ ಮುಂದೆ ಹೋದರೆ ನೀವು ಬೈಯುತ್ತೀರಿ. ಡೆಲ್ಫ್ಟಿಯಾ ಅಸಿಡೊವೊರನ್ಸ್ ಅಂತ ಒಂದು ಬ್ಯಾಕ್ಟೀರಿಯಾ, ಚಿನ್ನದ ಕಣಗಳ ಮೇಲಿನ ಲೋಳೆಯಲ್ಲಿ ಬದುಕುತ್ತದೆ. ಕರಗಿದ ಚಿನ್ನ ಬ್ಯಾಕ್ಟೀರಿಯಾಕ್ಕೆ ವಿಷ. ಇದು ಡೆಲ್ಫ್ಟಿಬ್ಯಾಕ್ಟಿನ್ ಅನ್ನುವ ಅಣುವನ್ನು ಹೊರಗೆ ಬಿಡುತ್ತದೆ. ಆ ಅಣು ಕರಗಿದ ಚಿನ್ನವನ್ನು ಜೀವಕೋಶದ ಹೊರಗೇ ಘನ ಚಿನ್ನವಾಗಿ ಇಳಿಸಿಬಿಡುತ್ತದೆ. 2013ರಲ್ಲಿ ಇದು ಪ್ರಕಟವಾಯಿತು. ರಚನೆಯಲ್ಲಿ ಅದು ಸಿಡರೊಫೋರ್‌ಗಳ ನೆಂಟ. ಕಬ್ಬಿಣವನ್ನು ಕರಗಿಸಿ ತರುವ ಮನೆತನದಲ್ಲಿ ಚಿನ್ನವನ್ನು ಗಟ್ಟಿ ಮಾಡುವ ಮಗು ಹುಟ್ಟಿದೆ. ಯಾರೂ ಚಿನ್ನ ಮಾಡಲು ಓಡಬೇಡಿ. ಕರಗಿದ ಚಿನ್ನ ಮೊದಲು ನಿಮ್ಮ ಹತ್ತಿರ ಇರಬೇಕು.

ಮುಂದಿನದು ಎಲೆಕ್ಟ್ರಾನ್ ಸಾಗಿಸುವ ವಸ್ತುಗಳು. ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ, ಯಾಕೆಂದರೆ ನಿಜವಾದ ಅನಾಹುತ ಆಗಿರುವುದು ಇಲ್ಲಿ.

ನಾವು ಉಸಿರಾಡುವಾಗ ಎಲೆಕ್ಟ್ರಾನ್‌ಗಳನ್ನು ಕೊನೆಗೆ ಆಮ್ಲಜನಕಕ್ಕೆ ಕೊಡುತ್ತೇವೆ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ. ಆಗ ಜಿಯೊಬ್ಯಾಕ್ಟರ್, ಶೆವನೆಲ್ಲಾದಂಥ ಬ್ಯಾಕ್ಟೀರಿಯಾಗಳು ತುಕ್ಕಿಗೆ ಎಲೆಕ್ಟ್ರಾನ್ ಕೊಡುತ್ತವೆ. ತುಕ್ಕು ಘನ ವಸ್ತು, ದೂರದಲ್ಲಿರುತ್ತದೆ. ಶೆವನೆಲ್ಲಾ ಫ್ಲೇವಿನ್‌ಗಳನ್ನು ಹೊರಗೆ ಬಿಡುತ್ತದೆ. ಅವುಗಳಲ್ಲಿ ಒಂದು ರೈಬೊಫ್ಲೇವಿನ್, ಅಂದರೆ ನಮ್ಮ ಬಿ2 ಜೀವಸತ್ವ. ಅದು ಎಲೆಕ್ಟ್ರಾನ್ ಹೊತ್ತು ತುಕ್ಕಿನ ಹತ್ತಿರ ಹೋಗಿ ಕೊಟ್ಟು ವಾಪಸ್ ಬರುತ್ತದೆ, ಮತ್ತೆ ಹೊತ್ತು ಹೋಗುತ್ತದೆ. ಸೂಡೊಮೊನಾಸ್‌ನ ಫೆನಜಿನ್ ಬಣ್ಣಗಳೂ ಇದೇ ಕೂಲಿ ಕೆಲಸ ಮಾಡುತ್ತವೆ. ಎಲೆಕ್ಟ್ರಾನ್ ಸಿಕ್ಕ ತುಕ್ಕು ಕರಗುತ್ತದೆ. ತುಕ್ಕಿಗೆ ಅಂಟಿಕೊಂಡಿದ್ದ ಎಲ್ಲವೂ ಅದರ ಜೊತೆಗೇ ನೀರಿಗೆ ಬರುತ್ತದೆ.

ಬಂಗಾಳದ ಮುಖಜ ಭೂಮಿಯ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಬಂದದ್ದು ಮುಖ್ಯವಾಗಿ ಹೀಗೆಯೇ. ಆರ್ಸೆನಿಕ್ ಶುದ್ಧ ಲೋಹವಲ್ಲ ಅಂತ ರಸಾಯನಶಾಸ್ತ್ರದವರು ತಿದ್ದುತ್ತಾರೆ, ಇರಲಿ. ಹಿಮಾಲಯದಿಂದ ನದಿಗಳು ತಂದ ಹೂಳಿನಲ್ಲಿ ತುಕ್ಕಿಗೆ ಅಂಟಿ ಆರ್ಸೆನಿಕ್ ಬಂದಿತ್ತು. ಯಾವ ಕಾರ್ಖಾನೆಯೂ ಅದನ್ನು ಸುರಿದದ್ದಲ್ಲ. ಹೂಳಿನೊಳಗೆ ಹುದುಗಿದ ಸಾವಯವ ಅಂಶವನ್ನು ಉಂಡು, ಆಮ್ಲಜನಕ ಇಲ್ಲದೆ, ಬ್ಯಾಕ್ಟೀರಿಯಾ ತುಕ್ಕು ಕರಗಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಅಲ್ಲಿನ ಎಷ್ಟೋ ಬಾವಿಗಳಲ್ಲಿ ಅದರ ಹತ್ತಾರು ಪಟ್ಟು ಸಿಕ್ಕಿತು. ‘ನೈಸರ್ಗಿಕ ಬ್ಯಾಕ್ಟೀರಿಯಾ, ಆದ್ದರಿಂದ ಅಪಾಯ ಇಲ್ಲ’ ಅನ್ನುವವರಿಗೆ ನಾನು ಕೊಡುವ ಉದಾಹರಣೆ ಇದೇ.

ಇನ್ನೂ ನೀರು ನಿಂತರೆ ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳ ಸರದಿ. ಅವು ಸಲ್ಫೈಡ್ ಬಿಡುತ್ತವೆ. ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರಿಂದ. ಸಲ್ಫೈಡ್‌ಗೆ ಕ್ಯಾಡ್ಮಿಯಂ, ಸತು, ಸೀಸ ಸಿಕ್ಕರೆ ನೀರಿಗೆ ಕರಗದ ವಸ್ತುವಾಗಿ ತಳಕ್ಕೆ ಇಳಿದುಬಿಡುತ್ತವೆ. ನೆದರ್‌ಲ್ಯಾಂಡ್ಸ್‌ನ ಬುಡೆಲ್‌ನಲ್ಲಿ ಸತು ಕಾರ್ಖಾನೆಯ ಅಡಿಯ ಕೆಟ್ಟ ಅಂತರ್ಜಲವನ್ನು 1992ರಿಂದ ಇದೇ ಬ್ಯಾಕ್ಟೀರಿಯಾಗಳಿಂದ ತೊಳೆಯುತ್ತಾ ಬಂದರು. ಇಳಿದ ಸತುವಿನ ಸಲ್ಫೈಡನ್ನು ವಾಪಸ್ ಕಾರ್ಖಾನೆಗೇ ಕೊಡುತ್ತಿದ್ದರು. ನನಗೆ ತುಂಬಾ ಅಚ್ಚುಕಟ್ಟು ಅನ್ನಿಸಿದ ಕೆಲಸ ಅದು.

ಈ ಎರಡನ್ನೂ ಒಂದೇ ಗದ್ದೆಯಲ್ಲಿ ಇಟ್ಟು ನೋಡಿ. ಭತ್ತದ ಗದ್ದೆಯಲ್ಲಿ ಆರ್ಸೆನಿಕ್ ಮತ್ತು ಕ್ಯಾಡ್ಮಿಯಂ ಎರಡೂ ಇವೆ ಅನ್ನಿ. ನೀರು ನಿಲ್ಲಿಸಿದರೆ ಸಲ್ಫೈಡ್ ಬಂದು ಕ್ಯಾಡ್ಮಿಯಂ ಕಟ್ಟಿಬೀಳುತ್ತದೆ. ಆದರೆ ತುಕ್ಕು ಕರಗಿ ಆರ್ಸೆನಿಕ್ ಎದ್ದು ಬೇರಿಗೆ ಹೋಗುತ್ತದೆ. ನೀರು ಬಸಿದರೆ ಮಣ್ಣಿಗೆ ಗಾಳಿ ಹೋಗಿ ತುಕ್ಕು ಮತ್ತೆ ಕೂಡಿ ಆರ್ಸೆನಿಕ್ ಅಡಗುತ್ತದೆ. ಆದರೆ ಸಲ್ಫೈಡ್ ಸುಟ್ಟು ಕ್ಯಾಡ್ಮಿಯಂ ಬಿಡುಗಡೆ ಆಗುತ್ತದೆ. ಒಂದನ್ನು ಅದುಮಿದರೆ ಇನ್ನೊಂದು ಏಳುತ್ತದೆ. ಜಪಾನಿನ ಜಿಂಜು ನದಿ ಬಯಲಿನಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಅಕ್ಕಿಗೆ ಸೇರಿ ಮೂಳೆ ಪುಡಿಯಾಗುವ ‘ಇತಾಯ್ ಇತಾಯ್’ ರೋಗ ಬಂತು. 1968ರಲ್ಲಿ ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದ ರೋಗ ಅಂತ ಒಪ್ಪಿಕೊಂಡಿತು. ಇಂಥ ಗದ್ದೆಗೆ ಯಾವಾಗ ನೀರು ನಿಲ್ಲಿಸಬೇಕು, ಯಾವಾಗ ಬಸಿಯಬೇಕು ಅನ್ನುವುದು ಸಣ್ಣ ಪ್ರಶ್ನೆ ಅಲ್ಲ.

ಲೋಹವನ್ನು ಹೊರಗೆ ಕಳಿಸಬೇಕು ಅಂತ ತೀರ್ಮಾನ ಮಾಡಿದ್ದೀರಿ ಅಂದುಕೊಳ್ಳೋಣ. ಎಲ್ಲಿಗೆ ಕಳಿಸುತ್ತೀರಿ? ಒಂದು ದಾರಿ ಗಿಡ. 1990ರ ದಶಕದಲ್ಲಿ ಸಾಸಿವೆ ಗಿಡ ಬೆಳೆಸಿ, ಮಣ್ಣಿಗೆ ಇಡಿಟಿಎ ಹಾಕಿ, ಸೀಸವನ್ನು ಗಿಡದೊಳಗೆ ಎಳೆಯುವ ಪ್ರಯೋಗಗಳು ಜೋರಾಗಿ ನಡೆದವು. ಗಿಡಕ್ಕೆ ಸೀಸ ಬಂತು. ಆದರೆ ಗಿಡ ಹೀರಿದ್ದಕ್ಕಿಂತ ಬಹಳ ಜಾಸ್ತಿ ಸೀಸ ಕರಗಿ ಕೆಳಗೆ ಇಳಿಯುವಂತಾಯಿತು. ಇಡಿಟಿಎ ಮಣ್ಣಿನಲ್ಲಿ ಬೇಗ ಕೊಳೆಯುವುದೂ ಇಲ್ಲ, ಬೆಳೆ ತೆಗೆದಾದ ಮೇಲೂ ಲೋಹ ಬಿಡಿಸುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾದ ಅಣುಗಳ ಮೇಲೆ ಆಸೆ ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ಅವು ಬೇರಿನ ಹತ್ತಿರವೇ ಹುಟ್ಟುತ್ತವೆ, ಬೇರೆ ಬ್ಯಾಕ್ಟೀರಿಯಾಗಳು ಅವನ್ನು ಬೇಗ ತಿಂದುಬಿಡುತ್ತವೆ.

2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಹಿಡಿಸಿತು. ಸ್ಟ್ರೆಪ್ಟೊಮೈಸಿಸ್ ಟೆಂಡೆ ಅನ್ನುವ ಬ್ಯಾಕ್ಟೀರಿಯಾ, ಸೂರ್ಯಕಾಂತಿ ಗಿಡ, ಕ್ಯಾಡ್ಮಿಯಂ. ಬ್ಯಾಕ್ಟೀರಿಯಾ ಬಿಟ್ಟ ಸಿಡರೊಫೋರ್‌ಗಳಿಂದ ಬ್ಯಾಕ್ಟೀರಿಯಾದೊಳಗೆ ಹೋಗುವ ಕ್ಯಾಡ್ಮಿಯಂ ಕಡಿಮೆ ಆಯಿತು. ಅದೇ ಸಿಡರೊಫೋರ್‌ಗಳಿಂದ ಸೂರ್ಯಕಾಂತಿಯೊಳಗೆ ಹೋಗುವ ಕ್ಯಾಡ್ಮಿಯಂ ಜಾಸ್ತಿ ಆಯಿತು. ಬ್ಯಾಕ್ಟೀರಿಯಾಕ್ಕೆ ಅದು ಗುರಾಣಿ, ಗಿಡಕ್ಕೆ ಅದೇ ಸರಬರಾಜು. ಬ್ಯಾಕ್ಟೀರಿಯಾದ ಮೈಮೇಲಿನ ಬಾಗಿಲು ಕಬ್ಬಿಣ ಹಿಡಿದ ಅಣುವನ್ನು ಚೆನ್ನಾಗಿ ಗುರುತಿಸುತ್ತದೆ, ಬೇರೆ ಲೋಹ ಹಿಡಿದದ್ದನ್ನು ಅಷ್ಟಾಗಿ ಒಳಗೆ ಬಿಡುವುದಿಲ್ಲ. ಸೂರ್ಯಕಾಂತಿ ಬೆಳೆದು ಕಿತ್ತು ಸುರಕ್ಷಿತವಾಗಿ ವಿಲೇವಾರಿ ಮಾಡುವುದಾದರೆ ಇದು ಲಾಭ. ತಿನ್ನುವ ಬೆಳೆಯ ಪಕ್ಕ ಇದೇ ಬ್ಯಾಕ್ಟೀರಿಯಾ ಹಾಕಿದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ದಾರಿ, ಮಣ್ಣನ್ನೇ ಅಗೆದು ತೊಟ್ಟಿಗೆ ತರುವುದು. ಬೆಲ್ಜಿಯಂನ ಒಂದು ಸತು ಕಾರ್ಖಾನೆಯ ತೊಟ್ಟಿಯಿಂದ 1976ರಲ್ಲಿ ಕುಪ್ರಿಯವಿಡಸ್ ಮೆಟಲಿಡ್ಯುರನ್ಸ್ ಅನ್ನುವ ಗಟ್ಟಿ ಜೀವವನ್ನು ಬೇರ್ಪಡಿಸಿದ್ದರು. ಆಮೇಲೆ ಅಲ್ಲಿನ ಸಂಶೋಧಕರು ಅದಕ್ಕೊಂದು ಕೆಲಸ ಕೊಟ್ಟರು. ಮರಳು ಮಣ್ಣು, ನೀರು, ಬ್ಯಾಕ್ಟೀರಿಯಾ, ಅದಕ್ಕೆ ಆಹಾರ ಎಲ್ಲ ಸೇರಿಸಿ ತೊಟ್ಟಿಯಲ್ಲಿ ಕಲಕುವುದು. ಬ್ಯಾಕ್ಟೀರಿಯಾದ ಸಿಡರೊಫೋರ್ ಮರಳಿನಿಂದ ಲೋಹ ಬಿಡಿಸುತ್ತದೆ. ಬಿಟ್ಟ ಲೋಹ ಬ್ಯಾಕ್ಟೀರಿಯಾದ ಮೈಮೇಲೆ ಕೂರುತ್ತದೆ. ಕಲಕುವುದು ನಿಲ್ಲಿಸಿದರೆ ಮರಳು ಬೇಗ ತಳಕ್ಕೆ, ಬ್ಯಾಕ್ಟೀರಿಯಾ ಮೇಲೆ ತೇಲುತ್ತಿರುತ್ತದೆ. ಮೇಲಿನ ನೀರು ಬಗ್ಗಿಸಿದರೆ ಲೋಹವೂ ಹೋಯಿತು. 1999ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತೇನೆ. ಕೆಜಿ ಮಣ್ಣಿಗೆ 21 ಮಿಲಿಗ್ರಾಂ ಇದ್ದ ಕ್ಯಾಡ್ಮಿಯಂ 3.3ಕ್ಕೆ ಇಳಿಯಿತು, 1070 ಇದ್ದ ಸತು 172ಕ್ಕೆ, 459 ಇದ್ದ ಸೀಸ 74ಕ್ಕೆ. ಉಳಿದದ್ದು ಓಡಾಡುವ ಲೋಹವೋ, ಕಲ್ಲಿನೊಳಗಿನದ್ದೋ? ಅದನ್ನೂ ನೋಡಿದರು. ಲೋಹ ಕೈಗೆ ಸಿಕ್ಕರೆ ಬೆಳಕು ಬಿಡುವ ಬ್ಯಾಕ್ಟೀರಿಯಾವನ್ನು ತೊಳೆದ ಮಣ್ಣಿನ ಜೊತೆ ಇಟ್ಟರು. ಜೀವಿಗೆ ಸಿಗುವಂಥ ಕ್ಯಾಡ್ಮಿಯಂ ಉಳಿದೇ ಇಲ್ಲ ಅಂತ ಅದು ತೋರಿಸಿತು. ಬಿಡಿಸುವ ಅಣುವೂ ಹಿಡಿಯುವ ಮೈಯೂ ಒಂದೇ ಜೀವಿಯದು, ಅದೂ ಗೋಡೆ ಇರುವ ತೊಟ್ಟಿಯಲ್ಲಿ. ಈ ಉಪಾಯದ ಜಾಣತನ ಅಲ್ಲಿದೆ. ಜೇಡಿಮಣ್ಣಿಗೆ ಇದು ನಡೆಯುವುದಿಲ್ಲ. ಜೇಡಿಯ ಕಣಗಳೂ ಬ್ಯಾಕ್ಟೀರಿಯಾದ ಜೊತೆಗೇ ತೇಲುತ್ತವೆ, ಬೇರೆ ಮಾಡಲು ಬರುವುದಿಲ್ಲ.

ಅಲ್ಲೇ ಕಟ್ಟಿಹಾಕುವ ಪ್ರಯತ್ನಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಕೊಲೊರಾಡೊದ ರೈಫಲ್‌ನಲ್ಲಿ ಹಿಂದೆ ಯುರೇನಿಯಂ ಅದಿರು ಸಂಸ್ಕರಿಸುತ್ತಿದ್ದ ಜಾಗ ಇದೆ. ಅಲ್ಲಿನ ಅಂತರ್ಜಲಕ್ಕೆ 2002ರಲ್ಲಿ ಅಸಿಟೇಟ್ ಹಾಕಿದರು. ವಿನೆಗರ್‌ನಲ್ಲಿರುವ ಆಮ್ಲದ ಲವಣ ಅದು. ಹೊರಗಿನ ಬ್ಯಾಕ್ಟೀರಿಯಾ ಏನೂ ಹಾಕಲಿಲ್ಲ, ಅಲ್ಲೇ ಇದ್ದ ಜಿಯೊಬ್ಯಾಕ್ಟರ್‌ಗೆ ಊಟ ಹಾಕಿದರು ಅಷ್ಟೇ. ಅದು ಯುರೇನಿಯಂಗೆ ಎಲೆಕ್ಟ್ರಾನ್ ಕೊಟ್ಟು ಕರಗದ ರೂಪಕ್ಕೆ ತಂದಿತು. ಐವತ್ತು ದಿನದೊಳಗೆ ಕೆಲವು ಬಾವಿಗಳಲ್ಲಿ ಯುರೇನಿಯಂ ಮಿತಿಯ ಕೆಳಗೆ ಇಳಿಯಿತು. ಆಮೇಲೆ ಸಲ್ಫೇಟ್ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಅಸಿಟೇಟ್ ಅವುಗಳ ಪಾಲಾಯಿತು. ಯುರೇನಿಯಂ ಮತ್ತೆ ಏರತೊಡಗಿತು.

ಇಂಥ ಮಾತಿನ ಕೊನೆಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: ನಮ್ಮಲ್ಲಿ ಇಂಥ ಮಣ್ಣಿದೆ, ಯಾವ ಬ್ಯಾಕ್ಟೀರಿಯಾ ಹಾಕಲಿ? ನಾನು ಬ್ಯಾಕ್ಟೀರಿಯಾದ ಹೆಸರು ಹೇಳುವುದಿಲ್ಲ. ಮೊದಲು ಒಂದು ಪೈಪು ತೆಗೆದುಕೊಳ್ಳಿ, ಅದರಲ್ಲಿ ಅದೇ ಜಾಗದ ಮಣ್ಣು ತುಂಬಿ, ಮೇಲಿಂದ ನೀರು ಬಿಡಿ. ಕೆಳಗೆ ಬರುವ ನೀರನ್ನು ಸೋಸಿಯೂ ಅಳೆಯಿರಿ, ಸೋಸದೆಯೂ ಅಳೆಯಿರಿ. ಆಮೇಲೆ ಬ್ಯಾಕ್ಟೀರಿಯಾ ಅಥವಾ ಅದರ ಅಣು ಹಾಕಿ ಮತ್ತೆ ಅಳೆಯಿರಿ. ಊಟ ನಿಲ್ಲಿಸಿದ ಮೇಲೂ ಅಳೆಯಿರಿ. ಪೈಪನ್ನು ಒಣಗಿಸಿ ಗಾಳಿ ಬಿಟ್ಟು, ತಿರುಗಿ ನೀರು ಬಿಟ್ಟು ಅಳೆಯಿರಿ. ಎಷ್ಟೋ ಯೋಜನೆಗಳು ಬಿದ್ದುಹೋಗುವುದು ಈ ಕೊನೆಯ ಹಂತದಲ್ಲಿ, ಹೊಲದಲ್ಲಿ ಬೀಳುವುದಕ್ಕಿಂತ ಪೈಪಿನಲ್ಲಿ ಬೀಳುವುದು ವಾಸಿ. ನಿಮ್ಮ ತಲೆನೋವು ಸೀಸ ಒಂದೇ ಆಗಿದ್ದರೂ ಆ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್ ಕೂಡ ಅಳೆಸಿ. ಕಬ್ಬಿಣ ಏರುತ್ತಿದೆ ಅಂದರೆ ಒಳಗೆ ತುಕ್ಕು ಕರಗುತ್ತಿದೆ. ಆಗ ಪೈಪಿಗೆ ನೀರು ಬಿಡುವುದನ್ನು ನಿಲ್ಲಿಸಿ, ಆ ತುಕ್ಕಿನಲ್ಲಿ ಇನ್ನೇನೇನು ಇತ್ತು ಅಂತ ಮೊದಲು ನೋಡಿ.